ಬಳೆಗಾರನ ಕೈಯಲ್ಲಿ ಬೋವಾ ಮರಿ

ಸೆಪ್ಟೆಂಬರ್ 8, ಭಾನುವಾರ. ಬೆಳಿಗ್ಗೆ 7

ನನ್ನ ಹೆಜ್ಜೆ ಸದ್ದು ಕೇಳಿದರೆ ತಿಪಟೂರು ತಾಲೂಕಿನ ನಾಗರಹಾವುಗಳು ಹುತ್ತ ಖಾಲಿ ಮಾಡಿ ಅರಸೀಕೆರೆಗೆ ಹೋಗಿಬಿಡುತ್ತಿದ್ದವು. ಮೂರು ಸಾವಿರ ಹಾವು ಹಿಡಿದ ಕೈ ಇದು. ಒಂದೂ ಕಚ್ಚಿಲ್ಲ. ನಿನ್ನೆ ಗಣೇಶನ ಹಬ್ಬದ ಊಟದಲ್ಲಿ ಹೇಳಿದ್ದು ಇಷ್ಟೇ. ಟೆಕ್ಸಾಸಿನ ಈ ಫ್ಲೂಗರ್‌ವಿಲ್‌ನ ಅರ್ಧ ಕನ್ನಡಿಗರು ಕಡುಬು ತಿನ್ನುವುದು ಬಿಟ್ಟು ಕೇಳಿದರು.

ಇವತ್ತು ಕಾಫಿ ಸೋಸುತ್ತಿದ್ದೆ. ಆ ಮಾತಿನ ಫಲ ಬಂತು. ನಾನಿರುವುದು ತಂಗಿ ಸರೋಜಳ ಮನೆಯಲ್ಲಿ. ಅವಳ ಮಗಳು ತೃಪ್ತಿ — ಹದಿನೈದು ವರ್ಷ, ಮುಂದೆ ಹಾವು-ಹಲ್ಲಿಗಳ ಡಾಕ್ಟರ್ ಆಗಬೇಕೆನ್ನುವವಳು — ಬೋವಾ ಮರಿ ಸಾಕುತ್ತಾಳಂತೆ. ಹೆಬ್ಬಾವಿನಂಥದ್ದು, ವಿಷವಿಲ್ಲ. ಎರಡು ವರ್ಷ ಅಕ್ಕಪಕ್ಕದ ಮನೆಯ ಮಕ್ಕಳನ್ನು ನೋಡಿಕೊಂಡು ದುಡ್ಡು ಕೂಡಿಟ್ಟಿದ್ದಾಳೆ.

ಸರೋಜ ಅವಳಿಗೆ ಹೇಳಿದಳು: "ಹಾವು ಅಂದ್ರೆ ನಂಗೆ ಮೈ ಜುಮ್ ಅನ್ನತ್ತೆ. ಆದ್ರೆ ನಿಮ್ಮಾಮ ಮೂರು ಸಾವಿರ ಹಿಡಿದಿದಾನಲ್ಲ, ಅವನೇ ಪಳಗಿಸ್ಲಿ. ದೀಪಾವಳಿ ಒಳಗೆ ಕೈಮೇಲೆ ಸುಮ್ನೆ ಕೂತ್ರೆ ಮನೇಲಿರ್ಲಿ. ಇನ್ನೂ ಕಚ್ತಿದ್ರೆ ವಾಪಸ್."

"ಮಾಮ! ಯು ಆರ್ ದ ಬೆಸ್ಟ್!"

ನಿಜಕ್ಕೂ ಈ ಕೈ ಹಿಡಿದದ್ದು ಬಳೆ. ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟು, ಇಪ್ಪತ್ತಾರು ವರ್ಷ ಬಳೆಯ ಮಲಾರ ಹೆಗಲಿಗೇರಿಸಿ ಹಳ್ಳಿ ಹಳ್ಳಿ ತಿರುಗಿದೆ. ದಾರಿಯಲ್ಲಿ ಹಾವು ಕಂಡು ಮಲಾರ ಎಸೆದು ಓಡಿದ್ದೂ ಉಂಟು... ಇದನ್ನು ಮೇಲಿನದರ ಜೊತೆ ಸೇರಿಸಿ ಓದಬಾರದು.

ಸೆಪ್ಟೆಂಬರ್ 15, ಭಾನುವಾರ

ಡಲ್ಲಾಸ್ ಹತ್ತಿರ ಒಬ್ಬ ಹೆಂಗಸು ಮನೆಯಲ್ಲೇ ಮರಿ ಮಾಡಿಸಿ ಮಾರುತ್ತಾಳೆ. ನಾನೂರು ಡಾಲರ್. ಹುಟ್ಟಿದ ದಿನ, ತಿಂದ ದಿನ ಎಲ್ಲ ಚೀಟಿಯಲ್ಲಿ ಬರೆದು ಕೊಡುತ್ತಾಳೆ. ತೃಪ್ತಿ ಅಲ್ಲೇ ತರೋಣ ಎಂದಳು. ಹೇಳಿದ ಬೆಲೆಗೆ ಕೊಂಡರೆ ನಾನೆಂಥ ವ್ಯಾಪಾರಿ? ಫೋನಿನಲ್ಲಿ ಹುಡುಕಿದೆ. ಹ್ಯೂಸ್ಟನ್ ಕಡೆಯವನೊಬ್ಬ ಸಿಕ್ಕ. ನಾನೂರು ಅಂದವನನ್ನು ಇನ್ನೂರ ಇಪ್ಪತ್ತಕ್ಕೆ ಇಳಿಸಿದೆ. ಫೋಟೋ ಕಳಿಸಿದ.

ಫೋಟೋ ನೋಡಿ ತೃಪ್ತಿಯ ಮುಖ ಅರಳಿತು. ಬೆನ್ನಿನ ಮೂರನೇ ಪಟ್ಟೆ ನಡುವೆ ಕತ್ತರಿಸಿದಂತಿದೆ. ಅಲ್ಲೇ ಹೆಸರಿಟ್ಟಳು — ಚಕ್ಕುಲಿ. 

"ಫಸ್ಟ್ ವಿಡಿಯೋ ಕೇಳು ಮಾಮ."

"ಹಾವಿಗೆ ವಿಡಿಯೋ ಯಾಕಮ್ಮ, ಮದ್ವೆನಾ ಅದಕ್ಕೆ?"

ಅವಳ ದುಡ್ಡು ಫೋನಿನಲ್ಲೇ ಕಳಿಸಿದೆ.

ಸೆಪ್ಟೆಂಬರ್ 19, ಗುರುವಾರ. ಸಂಜೆ

ನಾನು ಕೆಲಸ ಮಾಡುವ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಕಟ್ಟು ಕಟ್ಟುತ್ತಿದ್ದೆ. ಹ್ಯೂಸ್ಟನ್‌ನವನ ಮೆಸೇಜು. ಹಾವು ಕಳಿಸಲು ಬೆಚ್ಚನೆ ಡಬ್ಬಿ ಬೇಕಂತೆ. ಆಮೇಲೆ ಇನ್ಶೂರೆನ್ಸ್ ಅಂತೆ. ಎಲ್ಲ ವಾಪಸ್ ಬರುವ ದುಡ್ಡು. ನನ್ನ ಕೈಯಿಂದ ಕಳಿಸಿದೆ. ಹೆಚ್ಚೇನಿಲ್ಲ. ಐವತ್ತು.

ಸೆಪ್ಟೆಂಬರ್ 21, ಶನಿವಾರ. ಫುಲ್‌ಶೀರ್

ಮರಿ ಇನ್ನೂ ಬರಲಿಲ್ಲ; ನಾನೇ ತರುತ್ತೇನೆಂದು ಬೆಳಗಿನ ಬಸ್ಸಿಗೆ ಹ್ಯೂಸ್ಟನ್. ಅಲ್ಲಿಂದ ಫುಲ್‌ಶೀರ್‌ಗೆ ಟ್ಯಾಕ್ಸಿ. ಹೊಸ ಬಡಾವಣೆ. ಅವನು ಕೊಟ್ಟ ವಿಳಾಸದಲ್ಲಿ ಮನೆಯೇ ಇಲ್ಲ. ಮರದ ಚೌಕಟ್ಟು ನಿಂತಿದೆ — ಗೋಡೆಯಿಲ್ಲ, ಬಾಗಿಲಿಲ್ಲ. ಏಣಿಯ ಮೇಲೆ ಮೊಳೆ ಹೊಡೆಯುತ್ತಿದ್ದವನನ್ನು "ಸ್ನೇಕ್?" ಎಂದು ಕೇಳಿದೆ. ಅವನು ಇನ್ನೆರಡು ಮೆಟ್ಟಿಲು ಮೇಲೆ ಹತ್ತಿದ.

ಹನ್ನೊಂದು ಸಲ ಫೋನು ಮಾಡಿದೆ. ಎತ್ತಲಿಲ್ಲ.

ತೃಪ್ತಿಯ ಮೆಸೇಜು: ಚಕ್ಕುಲಿ ಹೇಗಿದೆ?

ಸೂಪರ್ ಎಂದು ಬರೆದೆ.

ಸೆಪ್ಟೆಂಬರ್ 22, ಭಾನುವಾರ

ರಾತ್ರಿ ಬಸ್ಸಿಗೆ ಡಲ್ಲಾಸಿಗೆ ಬಂದೆ. ಅಲ್ಲೇ ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುವ ನಮ್ಮೂರಿನ ಶ್ರೀಕಂಠಯ್ಯ ಕಾರಿನಲ್ಲಿ ಆ ಹೆಂಗಸಿನ ಮನೆಗೆ ಕರೆದೊಯ್ದ. ಆದಷ್ಟೂ ಫೋಟೋದಂತೆ ಕಾಣುವ ಮರಿ ಆರಿಸಿದೆ. ಒಂದು ಮೊಳ ಉದ್ದ, ಹೆಬ್ಬೆರಳ ದಪ್ಪ. ನಾನೂರು ಡಾಲರ್ ನನ್ನದೇ ಎಣಿಸಿದೆ. ಚೌಕಾಸಿಗೆ ಬಾಯಿ ಬರಲಿಲ್ಲ.

"ಏನ್ಲಾ ಗಿರಿ, ಮೂರು ಸಾವಿರ ಹಿಡಿದೋನು ಡಬ್ಬೀನ ಡಿಕ್ಕೀಲಿ ಇಡು ಅಂತೀಯಲ್ಲೋ?" ಎಂದ ಶ್ರೀಕಂಠಯ್ಯ.

"ಹಾವಿಗೆ ಒಂಟಿಯಾಗಿರೋದಂದ್ರೆ ಇಷ್ಟ ಕಣೋ."

ಆ ಹೆಂಗಸು ಒಪ್ಪಲಿಲ್ಲ. ಡಬ್ಬಿಯನ್ನು ನನ್ನ ತೊಡೆಯ ಮೇಲೇ ಇಟ್ಟಳು. ಅರ್ಧ ದಾರಿಯ ವೇಕೋ ಊರು ದಾಟುವವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಉಸಿರಾಡಿದ್ದು ಹಾವು ಮಾತ್ರ.

ಮನೆಯಲ್ಲಿ ತೃಪ್ತಿ ಮುಚ್ಚಳ ತೆಗೆದು ಬೆನ್ನನ್ನೇ ನೋಡಿದಳು. ಬಹಳ ಹೊತ್ತು. ಅವಳು ಕೇಳುವ ಮೊದಲೇ ಹೇಳಿಬಿಟ್ಟೆ: "ದಾರೀಲಿ ಪೊರೆ ಬಿಡ್ತು. ಅದಕ್ಕೇ ಪಟ್ಟೆ ಚೂರು ಬದಲಾಗಿದೆ."

ಈಗ ನನ್ನನ್ನು ನೋಡಿದಳು. 

"ಓಕೆ ಮಾಮ."

ಅಕ್ಟೋಬರ್ 2, ಬುಧವಾರ

ತೃಪ್ತಿ ಗಾಜಿನ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದಾಳೆ. ಮನೆಗೆ ಬಂದ ದಿನದಿಂದ ಹತ್ತು ದಿನ ಯಾರೂ ಮುಟ್ಟಬಾರದು. ತಿಂದ ಮೇಲೆ ಎರಡು ದಿನ ಎತ್ತಬಾರದು, ಎತ್ತಿದರೆ ಕಕ್ಕಿಬಿಡುತ್ತದೆ. ಇಂಥ ಒಳ್ಳೆಯ ಕಾನೂನು ನಾನು ನೋಡಿಲ್ಲ.

ತಿನ್ನುವುದು ಸತ್ತ ಇಲಿಮರಿ, ಫ್ರೀಜರಿನದು. ಸರೋಜ ಕೂಗಾಡಿದಳು: "ನನ್ನ ಅವರೆಕಾಳಿನ ಪಕ್ಕದಲ್ಲಿ ಇಲಿನಾ?" ಭಾವ ರಾಜಗೋಪಾಲ ಗರಾಜಿಗೆ ಬೇರೆ ಚಿಕ್ಕ ಫ್ರೀಜರ್ ತಂದರು.

ಅಕ್ಟೋಬರ್ 6, ಭಾನುವಾರ

ಮೊದಲ ದಿನದ ಅಭ್ಯಾಸ. ಕೈ ಇಳಿಸಿದೆ. ಪಟ್ ಎಂದು ಕಚ್ಚಿತು.

"ಮೇಲಿಂದ ಬೇಡ ಮಾಮ. ಹದ್ದು ಅಂತ ಥಿಂಕ್ ಮಾಡತ್ತೆ. ಸೈಡಿಂದ ಬಾ."

ಸೈಡಿನಿಂದ ಹೋದೆ. ಮತ್ತೆ ಕಚ್ಚಿತು. ಹೆಚ್ಚೇನೂ ನೋವಿಲ್ಲ. ಒಡೆದ ಬಳೆ ಗೀರಿದ ಹಾಗೆ, ಸಾಲಾಗಿ ಕೆಂಪು ಚುಕ್ಕೆ. 

ಅಕ್ಟೋಬರ್ 13, ಭಾನುವಾರ

ಒಟ್ಟು ಏಳು ಸಲ ಕಚ್ಚಿದೆ. ತೃಪ್ತಿ ಹೇಳುತ್ತಾಳೆ — ಕೈ ನಡುಗುತ್ತದೆ, ತಟ್ಟನೆ ಹಿಂದಕ್ಕೆಳೆದುಕೊಳ್ಳುತ್ತೇನೆ, ಅದಕ್ಕೇ ಹೆದರುತ್ತದೆ. ಹಾವು ನನಗೆ ಹೆದರುತ್ತದಂತೆ! ಈ ಮಾತು ತಿಪಟೂರಿನಲ್ಲಿ ಹೇಳಬೇಕು.

ಸರೋಜ ಕ್ಯಾಲೆಂಡರ್ ನೋಡಿದಳು. "ಹದಿನೆಂಟು ದಿನ ಅಣ್ಣ. ಬಳೆ ತೊಡಿಸೋವಾಗ ಹಿಂಗಿರ್ಲಿಲ್ವಲ್ಲೋ ನಿನ್ನ ಕೈ."

ತೃಪ್ತಿ ತನ್ನ ಕೋಣೆಗೆ ಹೋದಳು. ಡಲ್ಲಾಸಿನ ಹೆಂಗಸಿನಂಥವರು ಮರಿ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಳು. ನಾನು ಹೋದ ತಕ್ಷಣ ಮುಚ್ಚಿದಳು. ಕಣ್ಣು ಕೆಂಪಗಿತ್ತು. 

ಅಕ್ಟೋಬರ್ 14. ಬೆಳಿಗ್ಗೆ

ಸರೋಜಳ ಮಾತು ತಲೆಯಲ್ಲೇ ಉಳಿಯಿತು. ತೊಡುವವಳು ಕೈ ಬಿಗಿಹಿಡಿದರೆ ಗೆಣ್ಣಿನ ಹತ್ತಿರ ಬಳೆ ಒಡೆಯುತ್ತದೆ. ಅದಕ್ಕೇ ಬಳೆಗಾರ ಬಾಯಿ ಮುಚ್ಚಬಾರದು. ನಮ್ಮಪ್ಪ ಕಲಿಸಿದ್ದು. ದೊಡ್ಡ ದೊಡ್ಡ ಸುಳ್ಳು ಬಿಡಬೇಕು. ಮೈಸೂರು ಅರಮನೆಯಲ್ಲಿ ತೊಡಿಸಿದೆ, ಬೊಂಬಾಯಿಯಲ್ಲಿ ತೊಡಿಸಿದೆ... ಕೇಳುತ್ತಾ ಹೆಂಗಸರು ನಗುತ್ತಾರೆ. ಕೈಯಿರುವುದೇ ಮರೆಯುತ್ತಾರೆ. ಬಳೆ ಜಾರಿ ಹೋಗುತ್ತದೆ. ಸುಳ್ಳು ನನಗೆ ಅಂಟಿದ್ದು ಹಾಗೆ.

ಹಾವಿಗೂ ಹೇಳಿ ನೋಡಿದೆ. ಅರ್ಧ ಗಂಟೆ. ಎಂಟನೇ ಸಲ ಕಚ್ಚಿತು.

ಅಕ್ಟೋಬರ್ 20, ಭಾನುವಾರ. ಮಧ್ಯಾಹ್ನ

ಬರೆಯಲು ಕೈ ಓಡುತ್ತಿಲ್ಲ. ಓಡುತ್ತಿದೆ. ಎರಡೂ.

ತೃಪ್ತಿಗೆ ಬಳೆಯ ಗುಟ್ಟು ಹೇಳಿದೆ. ಹಾವು ನನ್ನ ಕಥೆ ಕೇಳುತ್ತಿಲ್ಲ ಎಂದೂ ಹೇಳಿದೆ. ಅವಳು ಯೋಚಿಸಿದಳು. 

"ಬಟ್ ಮಾಮ, ಟೈಟ್ ಇರೋದು ಹಾವಲ್ಲ. ನಿನ್ನ ಕೈ."

ನನ್ನ ಮುಂಗೈ ಹಿಡಿದು ಪೆಟ್ಟಿಗೆಯೊಳಗೆ ಪಕ್ಕದಿಂದ ಇಳಿಸಿದಳು. ನನ್ನ ಕಣ್ಣು ಮುಚ್ಚಿತ್ತು. ನಾನು ಹೇಳುವ ಹಾಗೆಯೇ ಅವಳು ಕಥೆ ಶುರು ಮಾಡಿದಳು, ಹರಕುಮುರುಕು ಕನ್ನಡದಲ್ಲಿ:

"ಒಂದು ಊರು. ತಿಪ್ಟೂರ್. ಅಲ್ಲಿ ನಾನು ಮೂರು ಸಾವಿರ ಹಾವು ಹಿಡಿದೆ."

"ಹ್ಞೂಂ."

"ಒಂದು ಹಾವು ಇತ್ತು. ಥರ್ಡ್ ಪಟ್ಟೆ ಕಟ್ ಆಗಿತ್ತು. ಕಾರಲ್ಲಿ ಪೊರೆ ಬಿಡ್ತು." ನಿಲ್ಲಿಸಿದಳು. "ಪಟ್ಟೆ ಜಾಯಿಂಟ್ ಆಯ್ತು!"

ಸಿಕ್ಕಿಬಿದ್ದೆ. ಕಣ್ಣು ತೆರೆದೆ. ಅವಳು ನಗು ತಡೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕೆ. ನಗುತ್ತಿದ್ದಾಗ ಬೆರಳ ಸಂದಿಯಲ್ಲಿ ಏನೋ ತಣ್ಣಗೆ ಹರಿಯಿತು. ಹೊಸ ಬಳೆಯ ನುಣುಪು. ಮುಂಗೈ ಸುತ್ತಿ ಒಂದು ಸುತ್ತು ಹಾಕಿ ಕೂತಿತು. ಕಚ್ಚಲಿಲ್ಲ.

"ಯಾವಾಗ ಗೊತ್ತಾಯ್ತು?"

"ಫಸ್ಟ್ ಡೇ. ಪಟ್ಟೆ ಚೇಂಜ್ ಆಗಲ್ಲ ಮಾಮ. ನೆವರ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ತುಂಬ ಸ್ಯಾಡ್ ಇದ್ದೆ."

ಹ್ಯೂಸ್ಟನ್‌ನ ಮೋಸ, ಡಲ್ಲಾಸಿನ ಮರಿ ಎಲ್ಲ ಹೇಳಿಬಿಟ್ಟೆ, ದುಡ್ಡಿನ ಲೆಕ್ಕ ಬಿಟ್ಟು.

ಅಕ್ಟೋಬರ್ 31, ಗುರುವಾರ. ದೀಪಾವಳಿ

ಹಣತೆ ಹಚ್ಚುವ ಮೊದಲು ಪರೀಕ್ಷೆ. ಚಕ್ಕುಲಿ ನನ್ನ ಕೈಮೇಲೆ ಹತ್ತು ನಿಮಿಷ, ತೃಪ್ತಿಯ ಕೈಮೇಲೆ ಹತ್ತು. ಸರೋಜ ಅಡುಗೆಮನೆ ಬಾಗಿಲ ಹಿಂದಿನಿಂದ ನೋಡಿದಳು. ಕೊನೆಗೆ ಬಂದು ಒಂದು ಬೆರಳಲ್ಲಿ ಬಾಲ ಮುಟ್ಟಿದಳು. "ಅಯ್ಯೋ, ಲೋಳೆ ಇಲ್ಲ ಕಣೆ!" ಎಂದಳು. ಇರಲಿ ಎಂದಳು.

ತೃಪ್ತಿ ನನ್ನನ್ನು ಅಪ್ಪಿಕೊಂಡಳು. ನಡುವೆ ಹಾವಿತ್ತು. ಆದರೂ ನಿಂತೆ.

ನವೆಂಬರ್ 3, ಭಾನುವಾರ. ಬೆಳಿಗ್ಗೆ

ಚಕ್ಕುಲಿ ನನ್ನ ಮುಂಗೈಯಲ್ಲಿ ಸಡಿಲವಾಗಿ ಮಲಗಿತ್ತು. ತೃಪ್ತಿ ನೀರು ಬದಲಾಯಿಸುತ್ತಾ ಕೇಳಿದಳು: "ಹ್ಯೂಸ್ಟನ್‌ನವನು ಒಟ್ಟು ಎಷ್ಟು ತಗೊಂಡ ಮಾಮ?"

"ನಿನ್ನ ಇನ್ನೂರ ಇಪ್ಪತ್ತು. ನಂದೊಂದು ಐವತ್ತು."

ಅವಳು ನನ್ನ ಮುಖ ನೋಡಲಿಲ್ಲ. ಕೈ ನೋಡಿದಳು. ಚಕ್ಕುಲಿ ತಲೆ ಎಳೆದುಕೊಂಡು ಗಂಟಾಗಿತ್ತು.

"ಟೈಟ್ ಆಯ್ತು ಮಾಮ." ಹಾವು ತೆಗೆದುಕೊಂಡು ಮಹಡಿಗೆ ಹೋದಳು.

ಇಲ್ಲಿಯೂ ಐವತ್ತು ಎಂದೇ ಬರೆದಿದ್ದೇನೆ. ಯಾರೂ ಓದದ ಪುಸ್ತಕಕ್ಕೂ ಸುಳ್ಳು. ಡಬ್ಬಿಗೆ 380. ಇನ್ಶೂರೆನ್ಸಿಗೆ 740, ಎರಡು ಕಂತಿನಲ್ಲಿ. ಜನವರಿಯಲ್ಲಿ ಊರಿಗೆ ಹೋಗಲು ಟಿಕೆಟ್ಟಿಗೆ ಇಟ್ಟದ್ದು. ಅವಳು ಮಹಡಿಯಿಂದ ಇಳಿದು ಬರುತ್ತಿದ್ದಾಳೆ, ಹಾವು ಕೊರಳಿಗೆ ಹಾಕಿಕೊಂಡು. ಹಾವನ್ನು ಕೈಗೆ ತೆಗೆದುಕೊಂಡೇ ನಿಜ ಹೇಳಬೇಕು. ಅವಳದೂ ಸೇರಿ, ಸಾವಿರದ ಮುನ್ನೂರ ನಲವತ್ತು ಡಾಲರ್.