ತೊಡೆಯ ಮೇಲೆ ಬಂದ ಟೈಪ್‌ರೈಟರ್

೧೯-೧೧-೧೯೭೬, ಶುಕ್ರವಾರ. ದುರ್ಗ, ಅತ್ತೆ ಮನೆ.

ಟೈಪ್‌ರೈಟರ್ ಮಿಷನ್ನು ಕ್ಷೇಮವಾಗಿ ಬಂತು. ಮನಸ್ಸಿಗೇ ಸಮಾಧಾನವಿಲ್ಲ.

ನಾಳೆ ಇಲ್ಲಿ ಟೈಪಿಂಗ್ ಪರೀಕ್ಷೆ, ಮಿಷನ್ನು ನಾವೇ ತರಬೇಕು. ಹೊಳಲ್ಕೆರೆಯಲ್ಲಿ ಬಸ್ಸು ಹತ್ತುತ್ತಲೇ ಕಂಡಕ್ಟರ್, "ಟಾಪ್ ಮೇಲೆ ಹಾಕ್ರಿ ಅದನ್ನ, ಜಾಗ ಇಲ್ಲ" ಅಂದ. ಅಲ್ಲಿ ಕುಲುಕಾಡಿದರೆ ಮಿಷನ್ನು ಕೆಟ್ಟೇ ಹೋಗುತ್ತದೆ. ನನಗೆ ಅಳುವೇ ಬಂತು.

ಸೀಟಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಹೆಸರು ಈರಕ್ಕ, ಕುರಿ ಸಾಕುವವರು ಎಂದು ಆಮೇಲೆ ತಿಳಿಯಿತು.

"ಕುಂತ್ಕಳವ್ವ. ಕೂಸಿನಂಗೆ ತೊಡಿ ಮ್ಯಾಲಿಟ್ಕ. ನಂಗೆ ನಿಂತು ರೂಢಿ ಐತೆ."

ತಮ್ಮ ಕಂಬಳಿಯನ್ನೇ ಮಡಚಿ ಮಿಷನ್ನಿನಡಿ ಹಾಸಿದರು. ದುರ್ಗದವರೆಗೂ ನಿಂತೇ ಬಂದರು. ಬ್ರೇಕ್ ಬಿದ್ದಾಗಲೆಲ್ಲ ಮಿಷನ್ನಿಗೆ ಕೈ ಅಡ್ಡ ಹಿಡಿದರು.

ಇಳಿದಾಗ ನೋಡಿದೆ, ಅವರ ಮೊಣಕಾಲು ಊದಿತ್ತು.

"ಯಾಕಜ್ಜಿ ಹೇಳಲಿಲ್ಲ?"

"ಹೇಳಿದ್ರೆ ನೀನು ಕುಂತ್ಕತಿದ್ದೇನು?"

ನಕ್ಕು, ಕಂಬಳಿ ಹೆಗಲಿಗೇರಿಸಿ ಕುಂಟುತ್ತಾ ನಡೆದರು. ನಾಳೆಯ ಪರೀಕ್ಷೆಗೆ ಅಭ್ಯಾಸ ಮಾಡಬೇಕು. ಕಣ್ಣು ಮುಚ್ಚಿದರೆ ಆ ಕುಂಟು ನಡಿಗೆಯೇ...