ಲಸಿಕೆ ಚೀಟಿ ನನ್ನನ್ನು ಕಾಯುವುದಿಲ್ಲ

ಸಾರಿಗೆ ಕಚೇರಿಯ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, "ಅರ್ಜಿದಾರರು ಫ್ಲೂ ಲಸಿಕೆ ಪಡೆದಿರುವುದರಿಂದ ವಿಶೇಷ ಅಪಾಯವಿಲ್ಲ" ಎಂದು ಬರೆದು ನನ್ನ ವರ್ಗಾವಣೆ ಅರ್ಜಿಯನ್ನು ಎರಡನೇ ಬಾರಿ ತಿರಸ್ಕರಿಸಿದ್ದೀರಿ. ನನ್ನ ರಕ್ತದ ವರದಿಯನ್ನು ತೆರೆದೂ ನೋಡದೆ ಇಷ್ಟು ಖಚಿತವಾಗಿ ಹೇಳಬಲ್ಲ ತಮ್ಮ ಜ್ಞಾನಕ್ಕೆ ತಲೆಬಾಗುತ್ತೇನೆ.

ಆರು ವರ್ಷಗಳಿಂದ ನನಗೆ ರಕ್ತದ ಕ್ಯಾನ್ಸರ್ ಇದೆ. ನಿಧಾನಗತಿಯದು. ನೋಡುವವರಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತೇನೆ. ಬಸ್ ಪಾಸ್ ಕೌಂಟರಿನಲ್ಲಿ ದಿನಕ್ಕೆ ಮುನ್ನೂರು ಜನರಿಗೆ ಪಾಸ್ ಕೊಡುತ್ತೇನೆ. ಆದರೆ ಸೋಂಕನ್ನು ಎದುರಿಸಬೇಕಾದ ಬಿಳಿ ರಕ್ತಕಣಗಳೇ ನನ್ನಲ್ಲಿ ಕೆಟ್ಟಿವೆ. ಲಸಿಕೆಗೆ ಅವು ಸರಿಯಾಗಿ ಸ್ಪಂದಿಸುವುದಿಲ್ಲ. ನನ್ನ ವೈದ್ಯೆ ಸ್ಪಷ್ಟವಾಗಿಯೇ ಹೇಳಿದ್ದರು: "ಲಸಿಕೆ ತಪ್ಪಿಸ್ಬೇಡಿ, ಸ್ವಲ್ಪ ಆದ್ರೂ ಆಸರೆ ಆಗುತ್ತೆ. ಆದ್ರೆ ಅದನ್ನೇ ನಂಬ್ಕೊಂಡು ಜನರ ಮಧ್ಯೆ ಕೂತ್ಕೋಬೇಡಿ. ನಿಮ್ಮ ಸುತ್ತ ಇರೋರೂ ಹಾಕಿಸ್ಕೊಳ್ಳಲಿ." ಅದನ್ನೇ ಬರೆಸಿ ತಂದು, ಕಡತಗಳ ಕೋಣೆಗೆ ವರ್ಗಾಯಿಸಿ ಎಂದು ಮೊದಲ ಅರ್ಜಿ ಕೊಟ್ಟೆ. ತಮ್ಮ ಗುಮಾಸ್ತರು ನಕ್ಕರು. "ಏನ್ ಮೇಡಂ, ಲಸಿಕೆ ಹಾಕಿಸ್ಕೊಂಡೂ ಹೆದರ್ತೀರಲ್ಲ! ಮತ್ತೆ ಹಾಕಿಸ್ಕೊಂಡಿದ್ದಾದ್ರೂ ಯಾಕೆ?"

ಹದಿನೈದು ದಿನಗಳ ನಂತರ ಒಬ್ಬ ತಾಯಿ ನನ್ನ ಕಿಂಡಿಗೆ ಬಾಗಿ ಕೆಮ್ಮಿದಳು. "ಸಾರಿ ಮೇಡಂ, ಮನೇಲಿ ಎಲ್ರಿಗೂ ಜ್ವರ" ಎಂದಳು. ಪಾಪ, ಅವಳದೇನು ತಪ್ಪು? ನಾನೂ, ಪಕ್ಕದ ಕೌಂಟರಿನ ಗೆಳತಿಯೂ ಒಂದೇ ದಿನ, ಒಬ್ಬಳೇ ನರ್ಸಿನ ಕೈಯಿಂದ ಲಸಿಕೆ ಚುಚ್ಚಿಸಿಕೊಂಡವರು. ಆ ಜ್ವರ ಇಬ್ಬರಿಗೂ ತಗುಲಿತು. ಗೆಳತಿಗೆ ಎರಡು ದಿನ ನೆಗಡಿಯಾಗಿ ಹೋಯಿತು. ನನಗೆ ಹತ್ತೊಂಬತ್ತು ದಿನ ಆಸ್ಪತ್ರೆ, ಮೂಗಿಗೆ ಆಮ್ಲಜನಕದ ನಳಿಕೆ.

ವಾಪಸು ಬಂದು ಕೊಟ್ಟ ಎರಡನೇ ಅರ್ಜಿಗೂ ಅದೇ ಉತ್ತರ, ಅದೇ ವಾಕ್ಯ!

ಈಗ ಮನೆಯಲ್ಲಿ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ತಟ್ಟೆಯಿಟ್ಟು ಹಿಂದೆ ಸರಿಯುತ್ತಾಳೆ. ಅವಳ ಮೊಮ್ಮಗಳು ಹೊರಗಿನಿಂದಲೇ ಕೇಳುತ್ತಾಳೆ: "ಚಿಕ್ಕಜ್ಜಿ, ಇವತ್ತು ನಂಗೆ ಸಿಂಬಳ ಇಲ್ಲ. ಬರ್ಲಾ?" ಬೇಡ ಕಂದಾ ಎನ್ನುತ್ತೇನೆ. ಮನೆಯ ಮಗುವನ್ನೇ ಹತ್ತಿರ ಸೇರಿಸದವಳು ಬೆಳಗಾದರೆ ಮುನ್ನೂರು ಅಪರಿಚಿತರ ಉಸಿರಿಗೆ ಮುಖವೊಡ್ಡಬೇಕು. ರಜೆಯೆಲ್ಲ ಮುಗಿದಿದೆ. ಹೋಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಚಿಕಿತ್ಸೆಯಿಲ್ಲ. ಎತ್ತ ಹೋಗಲಿ, ತಾವೇ ಹೇಳಿ.

ಕರುಣೆ ಬೇಡ. ಕಡತಗಳ ಕೋಣೆಯಲ್ಲಿ ಖಾಲಿ ಬಿದ್ದಿರುವ ಒಂದು ಕುರ್ಚಿ ಕೊಡಿ. ಕೌಂಟರಿನವರಲ್ಲಿ ಅರ್ಧಕ್ಕರ್ಧ ಜನ ಲಸಿಕೆಯನ್ನೇ ಪಡೆದಿಲ್ಲ. ಅವರಿಗೆ ಕಚೇರಿಯಲ್ಲೇ ಹಾಕಿಸಿ. ಎರಡೂ ಆಗದೆಂದರೆ ಒಂದು ದಿನ ನನ್ನ ಪಕ್ಕದಲ್ಲಿ ಬಂದು ಕುಳಿತು, ಯಾವ ಕೆಮ್ಮಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನಾದರೂ ತೋರಿಸಿಕೊಡಿ.

ಇಂತಿ,
ತಮ್ಮ ಕಾಗದದ ಮೇಲೆ ಕ್ಷೇಮವಾಗಿರುವ,
ಮೂರನೇ ಕೌಂಟರಿನವಳು