ಎರಡು ಗಂಟೆಯ ನಿಯಮ

ಫೆಬ್ರವರಿ 16, ಶನಿವಾರ. ಬೆಳಿಗ್ಗೆ 6:10

ರಾತ್ರಿ ಉಳಿದ ಅನ್ನ ಬೆಳ್ಳುಳ್ಳಿ ಹಾಕಿ ಹುರಿದೆ. ಜೊತೆಗೆ ಒಣಮೀನು. ಬಾಲ್ದೊ ತಿಂದೆದ್ದು ಗಾಡಿ ಒರೆಸುತ್ತಿದ್ದಾನೆ. ಬೈಕು ಒಂದು ಸಲ, ಅದರ ಪಕ್ಕಕ್ಕೆ ಜೋಡಿಸಿದ, ಗಿರಾಕಿ ಕೂರುವ ತೊಟ್ಟಿಲು ಎರಡು ಸಲ. ಟ್ರೈಸಿಕಲ್ ಸಂಘದ ಅಧ್ಯಕ್ಷನ ಗಾಡಿ ಹೊಳೆಯಬೇಕಂತೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು, ನನ್ನ ಕಡೆ ಅಷ್ಟು ಗಮನವಿಟ್ಟು ನೋಡಿದ್ದು ನೆನಪಿಲ್ಲ.

ನಿನ್ನೆ ಹದಿನೈದು. ಹದಿನೈದಕ್ಕೂ ತಿಂಗಳ ಕೊನೆಗೂ ಬರುವ ಸಂಬಳದ ದಿನ, ಅದೂ ಶುಕ್ರವಾರ. ಆಸ್ಪತ್ರೆಗೆ ಹೋಗಿ ಬರಬೇಕು. ದಾದಿ ಕೆಲಸ ಬಿಟ್ಟು ಮೂರು ವರ್ಷ. ಈಗ ಬರಂಗಾಯ್ ಸಭೆಯ, ಅಂದರೆ ನಮ್ಮ ಬಡಾವಣೆಯ ಪಂಚಾಯಿತಿಯ, ಸದಸ್ಯೆ, ಶಾಂತಿಪಾಲನೆ ಸಮಿತಿ ನನ್ನದೇ. ಆದರೂ ಕಾಲು ಎಮರ್ಜೆನ್ಸಿ ವಾರ್ಡಿನ ಕಡೆಗೇ ಎಳೆಯುತ್ತದೆ.

9:30

ರಾತ್ರಿ ಗಾಯಗೊಂಡು ಬಂದವರು ಹನ್ನೊಂದು ಜನ. ಎಲ್ಲರೂ ಬುಲಾಲಕಾವ್ ಬೀದಿಯವರೇ—ಅಂದರೆ ಅಲ್ಲಿ ಕುಡಿಯಲು ಬಂದವರು. ಒಬ್ಬಳನ್ನು ಬಿಟ್ಟು. ಮೆರಲಿನ್, ಚಾರಿಂಗಳ ಕರೋಕೆ ಬಾರಿನಲ್ಲಿ ಬಡಿಸುವ ಹುಡುಗಿ. ಹುಬ್ಬಿನಿಂದ ಕೆನ್ನೆಯವರೆಗೆ ಹದಿನಾಲ್ಕು ಹೊಲಿಗೆ. ಕೆಲಸ ಮುಗಿಸಿ ಮನೆಗೆ ಹೋಗಲು ಗಾಡಿಗೆ ಕಾಯುತ್ತಿದ್ದಳಂತೆ.

"ಬಾಟ್ಲಿ ಬೀಸಿದೋನು ನನ್ನ ನೋಡ್ಲೂ ಇಲ್ಲ ಅಕ್ಕಾ," ಅಂದಳು. "ಅವನು ಬೀಸಿದ್ದು ಬೇರೆಯವನಿಗೆ. ಕಣ್ಣು ಉಳೀತಲ್ಲ, ಅಷ್ಟೇ ಸಾಕು."

ಇಪ್ಪತ್ತೆರಡು ವರ್ಷದವಳು, ಅಷ್ಟೇ ಸಾಕಂತೆ.

ಹೊರಗೆ ಬಂದು ಡಾಕ್ಟರ್ ಲಗ್ಡಾಮೆನ್ ಅವರನ್ನು ಕೇಳಿದೆ: ಈ ಹನ್ನೊಂದೂ ಬೀದಿಯ ಯಾವ ಜಾಗದಲ್ಲಿ ಆದದ್ದು? ನಿದ್ದೆಗಣ್ಣಿನಲ್ಲೇ ನಕ್ಕರು. "ಗಾಯ ಎಷ್ಟುದ್ದ ಅಂತ ಬರೀತೀವಿ. ಎಷ್ಟು ಹೊಲಿಗೆ ಅಂತ ಬರೀತೀವಿ. ಎಲ್ಲಾಯ್ತು ಅಂತ ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ಲ ಸಿಸ್ಟರ್."

ಪೊಲೀಸರನ್ನು ಕೇಳಿದೆ. ದೂರು ಕೊಟ್ಟವನು ಹನ್ನೊಂದರಲ್ಲಿ ಒಬ್ಬನೇ. ಉಳಿದ ಹತ್ತು ಪೊಲೀಸರ ಲೆಕ್ಕಕ್ಕೇ ಇಲ್ಲ.

ಇಪ್ಪತ್ತಾರು ವರ್ಷ ಆ ವಾರ್ಡಿನಲ್ಲಿ ಹೊಲಿಗೆ ಹಾಕಿದೆ. ಒಬ್ಬರನ್ನೂ ಎಲ್ಲಿ ಅಂತ ನಾನೂ ಕೇಳಿರಲಿಲ್ಲ.

ಫೆಬ್ರವರಿ 18, ಸೋಮವಾರ

ಸಭೆ. ಬರಂಗಾಯ್ ಮುಖ್ಯಸ್ಥ ಕ್ಯಾಪ್ಟನ್ ಪಲೊಮಾರ್‌ಗೆ ಎಲ್ಲದಕ್ಕೂ ಒಂದೇ ಮದ್ದು—ಬೀದಿಯ ಒಂಬತ್ತು ಬಾರುಗಳನ್ನೂ ರಾತ್ರಿ ಹತ್ತಕ್ಕೇ ಮುಚ್ಚಿಸುವುದು. ಚಾರಿಂಗ್ ಪ್ರೇಕ್ಷಕರ ಬೆಂಚಿನಿಂದ ಎದ್ದು ನಿಂತಳು. ಬೀಸಣಿಗೆ ಮಡಚಿ ಅವರ ಕಡೆಗೇ ತೋರಿಸುತ್ತ:

"ಹತ್ತಕ್ಕೆ ನಮ್ಮಲ್ಲಿ ಮೈಕೇ ಬಿಸಿಯಾಗಿರಲ್ಲ ಕ್ಯಾಪ್ಟನ್ರೇ! ನಿಮ್ಮ ಹುಟ್ಟುಹಬ್ಬಕ್ಕೆ ನೀವು ಎಷ್ಟೊತ್ತಿನ ತನಕ ಹಾಡಿದ್ರಿ, ಹೇಳ್ಲಾ?"

ಹೇಳುವುದು ಬೇಡ ಅಂದರು.

ನಾನು ಆರು ವಾರದ ಕಾಲಾವಕಾಶ ಕೇಳಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಗಾಯಾಳುವಿನ ಹೆಸರು ಬೇಡ, ಯಾರು ಹೊಡೆದರು ಎನ್ನುವುದೂ ಬೇಡ. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ—ಇಷ್ಟು ಬರೆದುಕೊಡಲಿ. "ನೀನು ಆಸ್ಪತ್ರೆ ಬಿಟ್ರೂ ಆಸ್ಪತ್ರೆ ನಿನ್ನ ಬಿಟ್ಟಿಲ್ಲ ಕ್ಲೆಮಿ," ಅಂದರು ಕ್ಯಾಪ್ಟನ್. ಆದರೂ ಒಪ್ಪಿದರು. ಕಾಗದದ ಕೆಲಸ ಯಾರಿಗೂ ನೋವು ಕೊಡುವುದಿಲ್ಲ ಎಂದುಕೊಂಡಿರಬೇಕು.

ಮಾರ್ಚ್ 31, ಭಾನುವಾರ

ಆರು ವಾರ ಮುಗಿಯಿತು. ಐವತ್ತೆರಡು ಗಾಯ.

ಚರ್ಚಿನಿಂದ ಬಂದು ಊಟದ ಮೇಜಿನ ಮೇಲೆ ಬೀದಿಯ ನಕ್ಷೆ ಬರೆದೆ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ. ಒಂದು ಗಾಯಕ್ಕೆ ಒಂದು ಹೆಸರುಕಾಳು. ಬಾರುಗಳ ಒಳಗೆ ಎಲ್ಲ ಸೇರಿ ಒಂಬತ್ತು. ಮೀನು ಸುಡುವ ಅಂಗಡಿಗಳ ಹತ್ತಿರ ಐದು. ಅಲ್ಲೊಂದು ಇಲ್ಲೊಂದು ಏಳು. ಉಳಿದ ಮೂವತ್ತೊಂದು ಕಾಳು ಒಂದರ ಮೇಲೊಂದು ಗುಡ್ಡೆ ಬಿದ್ದವು. ಜಾಗ—ಟ್ರೈಸಿಕಲ್ ಸ್ಟ್ಯಾಂಡ್. ಹೊತ್ತು—ರಾತ್ರಿ ಎರಡರಿಂದ ಎರಡೂವರೆ.

ಬಾಲ್ದೊ ಊಟಕ್ಕೆ ಬಂದ.

"ನನ್ನ ಸ್ಟ್ಯಾಂಡ್ ಮೇಲೆ ಯಾಕೆ ಕಾಳು ಚೆಲ್ಲಿದೀಯಾ?"

"ಚೆಲ್ಲಿದ್ದಲ್ಲ. ಎಣಿಸಿ ಇಟ್ಟಿದ್ದು."

ಗುಡ್ಡೆಯಿಂದ ಒಂದು ಕಾಳು ಎತ್ತಿ ಮತ್ತೆ ಅಲ್ಲೇ ಇಟ್ಟ. ಆಮೇಲೆ: "ಅಂದ್ರೆ ಕುಡಿಸೋರು ಒಳ್ಳೆಯೋರು, ಮನೆಗೆ ಬಿಡೋ ನಾವು ರೌಡಿಗಳು. ಸಭೇಲಿ ಇದನ್ನೇ ಹೇಳ್ತೀಯಾ?"

"ನಾನು ಹಾಗಂದೆನಾ?"

"ಕಾಳು ಹಾಗಂತಿದೆಯಲ್ಲ."

ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ.

ಏಪ್ರಿಲ್ 2, ಮಂಗಳವಾರ

ಮಾತಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಅದಕ್ಕೂ ಮಾತಿಲ್ಲ.

ಅವನ ಸಂಘದವರು ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಬೆನ್ನು ತಿರುಗಿಸಿದರು. ಒಬ್ಬ ಮಾತ್ರ, "ಮೇಡಂಗೆ ನಡ್ಕೊಂಡು ಹೋಗೋಕೆ ಇಷ್ಟ, ಅಲ್ವಾ?" ಅಂದ. ನಡೆದೇ ಬಂದೆ.

ಏಪ್ರಿಲ್ 6, ಶನಿವಾರ. ನಸುಕು 3:40

ನಿದ್ದೆ ಬರುವುದಿಲ್ಲ, ಬರೆದೇ ಬಿಡುತ್ತೇನೆ. ರಾತ್ರಿ ಒಂದೂವರೆಗೆ ಹೋಗಿ ಸ್ಟ್ಯಾಂಡಿನ ಎದುರು, ಮುಚ್ಚಿದ ಬೇಕರಿಯ ಮೆಟ್ಟಿಲಲ್ಲಿ ಕೂತೆ.

ಒಂದೂ ಐವತ್ತೈದಕ್ಕೆ ಬೀದಿ ಖಾಲಿ. ಎರಡಾಯಿತು. ಒಂಬತ್ತು ಬಾಗಿಲೂ ಒಟ್ಟಿಗೆ ತೆರೆದವು, ಜನ ಒಟ್ಟಿಗೆ ಸುರಿದರು. ನಾನೂರಕ್ಕೆ ಕಡಿಮೆಯಿಲ್ಲ. ಅರ್ಧ ಜನರ ಕೈಯಲ್ಲಿ ಮುಗಿಯದ ಬಾಟಲಿ. ಗಾಡಿ ಹದಿನಾಲ್ಕು. ದೀಪ ಒಂದು, ಅದೂ ಕೆಟ್ಟಿದೆ. ಒಂದೇ ಗಾಡಿಗೆ ಮೂರು ಗುಂಪು ಕೈ ಹಾಕುತ್ತದೆ. ಡ್ರೈವರ್ ಯಾರ ಮುಖ ನೋಡಬೇಕು? ಬೇಗ ಕೂತವನದು ಗಾಡಿ. ಕೂತವನನ್ನು ಎಳೆದವನದೂ ಗಾಡಿ. ಎರಡೂ ಹತ್ತಕ್ಕೆ ಮೊದಲ ಏಟು ಬಿತ್ತು.

ಎಲ್ಲರನ್ನೂ ಒಂದೇ ನಿಮಿಷಕ್ಕೆ ಬೀದಿಗೆ ತಳ್ಳಿದ್ದು ಯಾರು?

ನಾನು. ಎರಡು ಗಂಟೆಗೆ ಎಲ್ಲ ಬಾರು ಮುಚ್ಚಬೇಕು ಎಂಬ ನಿಯಮ ಎರಡು ವರ್ಷದ ಹಿಂದೆ ನಾನೇ ಬರೆದದ್ದು. ನನ್ನ ಮೊದಲ ನಿಯಮ. ಚಪ್ಪಾಳೆ ತಟ್ಟಿದ್ದರು. ಫೋಟೋ ಕೂಡ ಇದೆ, ಕಚೇರಿಯ ಗೋಡೆಯ ಮೇಲೆ...

ಮೆರಲಿನ್‌ಳ ಹುಬ್ಬು.

ಅದೇ ದಿನ, ಬೆಳಿಗ್ಗೆ 7

ಬಾಲ್ದೊಗೆ ಹೇಳಿದೆ. "ತಪ್ಪು ನಿನ್ನ ಸ್ಟ್ಯಾಂಡಿನದಲ್ಲ. ನನ್ನ ನಿಯಮದ್ದು."

ಕಾಫಿ ಲೋಟ ಕೆಳಗಿಟ್ಟ. "ಇನ್ನೊಂದ್ಸಲ ಹೇಳು."

"ಹೇಳಿದ್ದು ಕೇಳಿಸ್ತಲ್ಲ."

"ಕೇಳಿಸ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು, ಅದಕ್ಕೆ ಇನ್ನೊಂದ್ಸಲ."

ನಕ್ಕ. ನನಗೆ ಅಳು ಬಂತು, ಅವನಿಗೆ ಗಾಬರಿಯಾಯಿತು. ಕುರ್ಚಿ ಎಳೆದು ಹತ್ತಿರ ಕೂತ. "ಅಲ್ಲ ಕಣೇ, ಹಡಗುಕಟ್ಟೇಲಿ ಸಾವಿರ ಜನ ಇರ್ತಾರೆ. ಯಾರಾದ್ರೂ ಹೊಡೆದಾಡ್ತಾರಾ? ಹಗ್ಗ ಕಟ್ಟಿದಾರೆ, ನಂಬರ್ ಕೊಡ್ತಾರೆ, ದೀಪ ಇದೆ. ಕುಡಿದೋನಿಗೂ ತನ್ನ ನಂಬರ್ ಗೊತ್ತಿರತ್ತೆ."

ಮೇಜಿನ ಮೇಲಿನ ನಕ್ಷೆಯಲ್ಲಿ ಬೆರಳಿನಿಂದ ಹಗ್ಗ ಎಳೆದು ತೋರಿಸಿದ.

ಏಪ್ರಿಲ್ 8, ಸೋಮವಾರ. ರಾತ್ರಿ

ಗೆದ್ದೆ. ನಾಲ್ಕಕ್ಕೆ ಮೂರು ಮತ.

ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ಹೊಸ ನಿಯಮ ಓದಿದೆ. ಬಾರುಗಳು ಮೂರು ಗುಂಪು—ಒಂದು ಹನ್ನೆರಡೂವರೆಗೆ, ಒಂದು ಒಂದೂಕಾಲಿಗೆ, ಒಂದು ಎರಡಕ್ಕೆ ಹೆಂಡ ನಿಲ್ಲಿಸಬೇಕು. ಪ್ರತಿ ವಾರ ಸರದಿ ಬದಲು. ನಿಲ್ಲಿಸಿದ ಮೇಲೂ ಒಂದು ಗಂಟೆ ಬಾಗಿಲು ತೆರೆದಿರಲಿ, ಬಿಸಿ ಅಕ್ಕಿಗಂಜಿ ಕೊಡಲಿ. ಹನ್ನೊಂದರ ಮೇಲೆ ಗಾಜು ಬೇಡ, ಪ್ಲಾಸ್ಟಿಕ್ ಲೋಟ. ಬಾಟಲಿ ಬೀದಿಗೆ ಬರಬಾರದು. ಸ್ಟ್ಯಾಂಡಿಗೆ ನಾಲ್ಕು ದೀಪ, ಹಗ್ಗ, ನಂಬರ್ ಚೀಟಿ.

"ಪ್ಲಾಸ್ಟಿಕ್ ಲೋಟದಲ್ಲಿ ಬಿಯರ್!" ಚಾರಿಂಗ್ ಕೂಗಿದಳು. "ನಮ್ಮದೇನು ಬಾರಾ, ಶಿಶುವಿಹಾರಾನಾ?"

ಹಿಂದಿನ ಸಾಲಿನಿಂದ ಮೆರಲಿನ್ ಎದ್ದಳು. ನಾನು ಕರೆದಿರಲಿಲ್ಲ. ತನ್ನ ಯಜಮಾನಿಯ ಮುಖವನ್ನೇ ನೋಡುತ್ತ ಹೇಳಿದಳು:

"ಮೇಡಂ, ನಿಮ್ಮಲ್ಲಿ ನಾಲ್ಕು ವರ್ಷ ಬಡಿಸಿದೀನಿ. ಒಳಗೆ ಯಾರೂ ನನ್ನ ಮುಟ್ಟಿಲ್ಲ, ನೀವಿರ್ತೀರಲ್ಲ. ಹೊರಗೆ ನೀವಿರಲ್ಲ. ಅವತ್ತು ಬೀಸಿದ್ದು ಪ್ಲಾಸ್ಟಿಕ್ ಆಗಿದ್ರೆ ನನ್ನ ಮೈಮೇಲೆ ಬಿಯರ್ ಚೆಲ್ತಿತ್ತು. ಒಗೆದುಕೊಳ್ತಿದ್ದೆ."

ಚಾರಿಂಗ್ ಕೂತಳು. ಬೀಸಣಿಗೆ ನಿಂತುಹೋಯಿತು.

ಈಸ್ಟರ್ ಕಳೆದು ಶುರು, ಮೇ ಕೊನೆಯ ಊರಹಬ್ಬದವರೆಗೆ ಪ್ರಯೋಗ. ಕ್ಯಾಪ್ಟನ್ ಒಂದು ಷರತ್ತು ಹಾಕಿದರು. ಗಾಯ ಇಳಿಯದಿದ್ದರೆ ಎಲ್ಲ ಬಾರು ಹತ್ತಕ್ಕೆ ಬಂದ್, ನಾನು ಸಮಿತಿ ಬಿಡಬೇಕು. ಹೂಂ ಅಂದೆ.

ಏಪ್ರಿಲ್ 27, ಶನಿವಾರ

ಮೊದಲ ರಾತ್ರಿ. ಏಳು ಗಾಯ.

ಹಗ್ಗ ಕಟ್ಟಿದ್ದೆವು, ಚೀಟಿ ಕೊಟ್ಟಿದ್ದೆವು. ಜನ ಸಾಲಿನಲ್ಲೂ ನಿಂತರು, ಪಾಪ. ಆದರೆ ಕೆಲವು ಡ್ರೈವರುಗಳು ಮೂಲೆಯಾಚೆಯೇ ಗಾಡಿ ನಿಲ್ಲಿಸಿ ಗಿರಾಕಿ ಹತ್ತಿಸಿಕೊಂಡರು. ಸಾಲಿನವರು ನೋಡಿದರು. ಹಗ್ಗ ಕಿತ್ತರು.

ಆರು ಗಂಟೆಗೇ ಕ್ಯಾಪ್ಟನ್ ಫೋನ್. "ಏಳಂತೆ?" ಏಳು ಅಂದೆ. "ನೋಡು, ಈಗಲೂ ಹತ್ತು ಗಂಟೆ ಅಂದ್ರೆ ನಾನು ರೆಡಿ."

ಬಾಲ್ದೊ ಕೇಳಿಸಿಕೊಂಡ. ಶರ್ಟು ಹಾಕಿಕೊಂಡು ಹೊರಟ.

ಸಂಜೆ 5

ಮೂಲೆಯಾಚೆ ನಿಲ್ಲಿಸಿದವರಲ್ಲಿ ಮೊದಲನೆಯವನು ಬಾಲ್ದೊನ ಸ್ವಂತ ತಮ್ಮ ಇಸ್ಕೊ. ಸಂಘದ ಎದುರೇ ಬಾಲ್ದೊ ತಮ್ಮನ ಗಾಡಿಯ ಸ್ಟ್ಯಾಂಡ್ ನಂಬರ್ ಫಲಕ ಬಿಚ್ಚಿಸಿ ತಂದಿದ್ದಾನೆ. ಎರಡು ವಾರ ಈ ಬೀದಿಗೆ ಬರುವಂತಿಲ್ಲ. ನಮ್ಮ ಅತ್ತೆ ಫೋನಿನಲ್ಲಿ ಇಬ್ಬರನ್ನೂ ಬೈದರು, ನನ್ನನ್ನು ಸ್ವಲ್ಪ ಹೆಚ್ಚು.

"ತಮ್ಮನಿಗೇ ಮಾಡಿದೀಯಲ್ಲ," ಅಂದೆ.

"ಬೇರೆಯವರಿಗೆ ಮಾಡಿದ್ರೆ ಯಾರು ಕೇಳ್ತಿದ್ರು?" ಅಂದ. ಊಟ ಸೇರಲಿಲ್ಲ ಅವನಿಗೆ.

ಮೇ 1, ಬುಧವಾರ

ನಿನ್ನೆ ಸಂಬಳ, ಇವತ್ತು ರಜೆ. ಊರಹಬ್ಬ ಬಿಟ್ಟರೆ ಇದಕ್ಕಿಂತ ಕೆಟ್ಟ ರಾತ್ರಿ ವರ್ಷದಲ್ಲಿ ಇನ್ನೊಂದಿಲ್ಲ. ಗಾಯ ನಾಲ್ಕು.

ಒಬ್ಬನೂ ಮೂಲೆಯಾಚೆ ನಿಲ್ಲಿಸಲಿಲ್ಲ. ಬಾಲ್ದೊ ಇಡೀ ರಾತ್ರಿ ಬಾಡಿಗೆ ಬಿಟ್ಟು ಹಗ್ಗದ ಬಾಯಲ್ಲಿ ನಿಂತಿದ್ದ. ಲೌಡ್‌ಸ್ಪೀಕರ್ ಹಿಡಿದು: "ಮೂವತ್ತೇಳು! ಮೂವತ್ತೇಳು ಯಾರಪ್ಪಾ? ಹೆಂಡ್ತಿ ಕಾಯ್ತಿದಾಳೆ, ಬೇಗ ಬನ್ನಿ! ಮೂವತ್ತೆಂಟು, ನಿಮ್ಮ ಹೆಂಡ್ತಿ ಮಲಗಿದಾಳೆ, ನಿಧಾನ ಬನ್ನಿ!"

ಸಾಲು ನಗುತ್ತಿತ್ತು. ಎರಡು ಗಂಟೆ ರಾತ್ರಿಯಲ್ಲಿ ಆ ಬೀದಿ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

ಮೇ 11, ಶನಿವಾರ

ಎರಡು.

ಚಾರಿಂಗಳ ಗಂಜಿಗೆ ಶುಂಠಿ, ಕೋಳಿ, ಮೇಲೆ ಹುರಿದ ಬೆಳ್ಳುಳ್ಳಿ. ಬೇರೆ ಬಾರಿನವರೂ ಅಲ್ಲಿಗೇ ಬರುತ್ತಿದ್ದಾರಂತೆ. "ನಿನ್ನ ನಿಯಮಕ್ಕೋಸ್ಕರ ಅಲ್ಲ," ಅಂದಳು. "ನನ್ನ ಕೈರುಚಿಗೆ." ಆಗಲಿ ಚಾರಿಂಗಕ್ಕಾ, ಆಗಲಿ.

ಮೇ 16, ಗುರುವಾರ

ಸಂಬಳದ ರಾತ್ರಿ ಕಳೆಯಿತು. ಒಂದು. ಅದೂ ಹಾಡುತ್ತ ಹಾಡುತ್ತ ವೇದಿಕೆಯಿಂದ ಬಿದ್ದವನು. ಇದನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹಿಡಿದೆ.

ಮೇ 26, ಭಾನುವಾರ. ಬೆಳಿಗ್ಗೆ 5:20

ಊರಹಬ್ಬದ ರಾತ್ರಿ ಮುಗಿಯಿತು. ಹೋದ ವರ್ಷ ಈ ರಾತ್ರಿ ಇಪ್ಪತ್ಮೂರು ಜನ ಹೊಲಿಗೆ ಹಾಕಿಸಿಕೊಂಡಿದ್ದರು, ಒಬ್ಬ ಬದುಕಲಿಲ್ಲ.

ಈಗ ಡಾಕ್ಟರ್ ಫೋನ್. ಕೈ ಒದ್ದೆಯಿತ್ತು, ಬಟ್ಟೆಗೆ ಒರೆಸಿಕೊಂಡು ಎತ್ತಿದೆ.

"ಸಿಸ್ಟರ್, ನಮ್ಮ ಹುಡುಗೀರು ನಾಲ್ಕು ಗಂಟೆಗೆ ಕೂತ್ಕೊಂಡು ನೂಡಲ್ಸ್ ತಿಂದ್ರು. ಬಿಸಿಬಿಸಿ. ಆಮೇಲೆ ಇಸ್ಪೀಟ್ ಆಡಿದ್ರು. ನಾನು ಸೋತೆ."

"ಎಷ್ಟು ಡಾಕ್ಟರೇ? ಗಾಯ ಎಷ್ಟು?"

"ಅದನ್ನೇ ಹೇಳ್ತಿದೀನಲ್ಲ. ಯಾರೂ ಬರ್ಲಿಲ್ಲ."

ಸೊನ್ನೆ.

ಸೊನ್ನೆ! ಊರಹಬ್ಬದ ರಾತ್ರಿ!

ಓಡಿ ಹೋಗಿ ಬಾಲ್ದೊನನ್ನು ಎಬ್ಬಿಸಿದೆ. ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲ ಅವನಿಗೆ, ರಾತ್ರಿಯೆಲ್ಲ ನಂಬರ್ ಕೂಗಿ ಕೂಗಿ. ಎರಡೂ ಕೈ ಮೇಲೆತ್ತಿ ಹಾಸಿಗೆಯ ಮೇಲೇ ಕುಣಿದ. ಐವತ್ತೇಳು ವರ್ಷದ ಮನುಷ್ಯ. ಮಂಚದ ಒಂದು ಹಲಗೆ ಮುರಿಯಿತು. ನಮ್ಮ ಬೀದಿಯಲ್ಲಿ ಈ ರಾತ್ರಿ ಮುರಿದದ್ದು ಅದೊಂದೇ.

ಜೂನ್ 3, ಸೋಮವಾರ

ಸಭೆಯಲ್ಲಿ ಮತ ಏಳಕ್ಕೆ ಸೊನ್ನೆ. ನಿಯಮ ಕಾಯಂ. ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು ಚಾರಿಂಗ್. ಕ್ಯಾಪ್ಟನ್ ಭಾಷಣದಲ್ಲಿ "ನಾನು ಮೊದಲಿಂದ್ಲೂ ಹೇಳ್ತಿದ್ದೆ" ಅಂದರು. ಏನು ಹೇಳುತ್ತಿದ್ದರೋ! ಹೇಳಿಕೊಳ್ಳಲಿ. ನಾನು ಜೋರಾಗಿಯೇ ಚಪ್ಪಾಳೆ ತಟ್ಟಿದೆ.

ಇನ್ನೊಂದು ಠರಾವು. ಸ್ಟ್ಯಾಂಡಿನ ಉಸ್ತುವಾರಿಗೆ ಬರಂಗಾಯ್ ಕಡೆಯಿಂದ ಒಬ್ಬರು ಬೇಕಿತ್ತು. ಅರ್ಜಿ ಹಾಕಿದವರು ಆರು ಗಂಡಸರು, ಒಬ್ಬಳು ಮೆರಲಿನ್. "ಕುಡಿದೋರನ್ನ ಹೇಗೆ ಸಂಭಾಳಿಸ್ತೀಯಮ್ಮ?" ಅಂತ ಕ್ಯಾಪ್ಟನ್ ಕೇಳಿದರು. "ನಾಲ್ಕು ವರ್ಷ ಅವರ ಹಾಡು ಕೇಳಿದೀನಿ ಸಾರ್," ಅಂದಳು. ಅಲ್ಲಿಗೆ ಸಂದರ್ಶನ ಮುಗಿಯಿತು.

ಜೂನ್ 15, ಶನಿವಾರ. ಬೆಳಿಗ್ಗೆ 8:05

ಹದಿನೈದು ಶನಿವಾರ ಬಿದ್ದದ್ದರಿಂದ ನಿನ್ನೆಯೇ ಸಂಬಳದ ಶುಕ್ರವಾರ. ಮತ್ತೆ ಸೊನ್ನೆ.

ಒಂಬತ್ತಕ್ಕೆ ನಗರಸಭೆ ಕರೆದಿದೆ. ಹದಿನೇಳು ಬರಂಗಾಯ್‌ನವರು ಬರುತ್ತಾರಂತೆ, ನಮ್ಮ ನಿಯಮವನ್ನು ಊರಿಗೆಲ್ಲ ತರಲು. ಮೂರು ಸಲ ಭಾಷಣ ಬರೆದೆ, ಮೂರು ಸಲ ಹರಿದೆ. ಮೆರಲಿನ್ ಆಗಲೇ ಬಂದು ತೊಟ್ಟಿಲಲ್ಲಿ ಕೂತಿದ್ದಾಳೆ. ಹಳದಿ ಜಾಕೆಟ್, ಕೊರಳಲ್ಲಿ ಸೀಟಿ, ಕೂದಲೆಲ್ಲ ಹಿಂದಕ್ಕೆ ಬಾಚಿ ಕಟ್ಟಿದ್ದಾಳೆ, ಗಾಯದ ಗೆರೆ ಪೂರ್ತಿ ಕಾಣುವ ಹಾಗೆ.

ಬಾಲ್ದೊ ಹಾರ್ನ್ ಒತ್ತುತ್ತಿದ್ದಾನೆ. "ಕ್ಲೆಮೀ! ಇನ್ನೆರಡು ನಿಮಿಷ, ಆಮೇಲೆ ನಿನ್ನ ನಂಬರ್ ಹಿಂದಿನವರಿಗೆ!"

ಬಂದೆ ಮಾರಾಯ. ಭಾಷಣ ಬೇಡ. ಮೊದಲು ಮೆರಲಿನ್ ಮಾತಾಡಲಿ. ಅವಳು ಮುಗಿಸಿದ ಮೇಲೆ ನಾನು ಎದ್ದು ನಿಂತು, ಆ ಎರಡು ಗಂಟೆಯ ನಿಯಮ ಬರೆದವಳು ನಾನೇ ಅಂತ ಶುರು ಮಾಡುತ್ತೇನೆ.